ತಗ್ಗಿನ ಹೊಲದ ಥಂಡಿ, ಧ್ರುವದ ಬರ್ಫ: ಭಾಲ್ಕಿ ತಾಲ್ಲೂಕಿನ ಒಂದು ಪ್ರಕರಣ ಅಧ್ಯಯನ

ಪ್ರಕರಣ

ಕಾರಂಜಾ ಜಲಾಶಯದ ಆಸುಪಾಸಿನಲ್ಲಿರುವ, ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ನಮ್ಮೂರಿಗೆ ದೀಪಾವಳಿ ಕಳೆದ ಮೇಲೆ ಕಬ್ಬು ಕಡಿಯುವ ಟೋಳಿಗಳು ಬಂದು ಇಳಿಯುವುದು ಬಹಳ ವರ್ಷಗಳ ರೂಢಿ. ಅಂಥ ಒಂದು ಟೋಳಿ ಒಂದು ಡಿಸೆಂಬರಿನಲ್ಲಿ ಎದುರಿಸಿದ ಚಳಿಯನ್ನು, ಆ ಚಳಿಗೆ ಅವರು ಕೇಳಿ ತಿಳಿದ ಕಾರಣವನ್ನು ಮತ್ತು ಆ ಕಾರಣವನ್ನು ನಾವು ಪರೀಕ್ಷಿಸಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಹನ್ನೆರಡು ಸಂಸಾರಗಳ ಆ ಟೋಳಿ ನನ್ನ ಕಾಕಾನ ಹೊಲದ ಕೆಳಮೂಲೆಯಲ್ಲಿ, ಹಳ್ಳದ ದಂಡೆಯ ಬೀಳು ಎರೆಭೂಮಿಯಲ್ಲಿ ಗುಡಿಸಲು ಹಾಕಿತ್ತು. ನೀರು ಹತ್ತಿರ, ಟ್ರ್ಯಾಕ್ಟರ್ ಬರುವ ದಾರಿ ಹತ್ತಿರ, ಎತ್ತುಗಳಿಗೆ ಕಬ್ಬಿನ ಸೋಗೆ ಹತ್ತಿರ. ಹಗಲಿನಲ್ಲಿ ನೋಡಿದವರಿಗೆ ಅದಕ್ಕಿಂತ ಒಳ್ಳೆಯ ಜಾಗ ಕಾಣುತ್ತಿರಲಿಲ್ಲ.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ನಾಲ್ಕೈದು ದಿನ ಮೊದಲು ಚಳಿ ಬಿಗಿಯಾಯಿತು. ಬೀದರಿನ ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುವ ನಾನು ಹಬ್ಬಕ್ಕೆಂದು ರಜೆ ಹಾಕಿ ಊರಿಗೆ ಬಂದಾಗ, ಟೋಳಿಯ ಮುಖ್ಯಸ್ಥನಾದ ಮುಕಾದಮ ಆಗಲೇ ಕಾಕಾನ ಪಡಸಾಲೆಯಲ್ಲಿ ಕುಳಿತಿದ್ದ. ಅವನ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಅದರೊಂದಿಗೆ ಹಿಮದಲ್ಲಿ ಹೂತುಹೋದ ಕಾರುಗಳ ಚಿತ್ರಗಳೂ ಇದ್ದವು. "ಸರ, ಉತ್ತರ ಧ್ರುವದಾಗ ಬರ್ಫ ಕರಗಿ ಅಲ್ಲಿನ ಥಂಡಿ ಎಲ್ಲ ಕೆಳಗ ಇಳೀಲತ್ತದಂತ. ಮುಂದಿನ ವಾರ ಇದಕ್ಕಿಂತ ಹೆಚ್ಚ ಆಗ್ತದಂತ. ಮಕ್ಕಳು ಮರಿ ಕಟಗೊಂಡು ಇಲ್ಲಿ ಹ್ಯಾಂಗ ಇರಬೇಕ್ರಿ?" ಎಂಬುದು ಅವನ ಪ್ರಶ್ನೆ. ಟೋಳಿಯ ಕೆಲವರು ಕಬ್ಬನ್ನು ಅರ್ಧಕ್ಕೆ ಬಿಟ್ಟು ದಕ್ಷಿಣದ ಕಡೆಯ ಬೇರೆ ಕಾರ್ಖಾನೆಯ ಸರಹದ್ದಿಗೆ ಹೋಗುವ ಮಾತಾಡುತ್ತಿದ್ದರು. ಕಾಕಾನ ಪ್ರಶ್ನೆ ಬೇರೆಯೇ ಇತ್ತು. "ತಮ್ಮಾ, ಭೂಮಿ ಬಿಸಿ ಆಗ್ಲತ್ತದ ಅಂತ ನಿಮ್ಮ ಬುಕ್ಕಿನ್ಯಾಗೇ ಬರೀತಾರ. ಬಿಸಿ ಆದ್ರ ಥಂಡಿ ಯಾಕ ಬರ್ತದ?"

ಎರಡೂ ನ್ಯಾಯವಾದ ಪ್ರಶ್ನೆಗಳು. ಆದರೆ ಮುಕಾದಮನ ಮಾತಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು: ಈ ಚಳಿ ಧ್ರುವದಿಂದ ಬಂದಿದೆ ಎಂಬುದು ಒಂದು, ಅಷ್ಟು ದೂರದಿಂದ ಬಂದದ್ದಾದ್ದರಿಂದ ಜಾಗ ಬಿಟ್ಟು ಓಡುವುದನ್ನುಳಿದು ಬೇರೆ ಉಪಾಯವಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಪೂರ್ತಿ ನಿಜವೆಂದು ಇಟ್ಟುಕೊಂಡರೂ ಎರಡನೆಯದು ಅದರಿಂದ ಹುಟ್ಟುವುದಿಲ್ಲ. ಟೋಳಿಯ ಮಟ್ಟಿಗೆ ಮುಖ್ಯವಾದದ್ದು ಈ ಎರಡನೆಯ ಮಾತೇ ಆದ್ದರಿಂದ ನಾನು ಅಲ್ಲಿಂದಲೇ ಶುರು ಮಾಡಿದೆ.

ಹೊಲದಲ್ಲಿ ಮಾಡಿದ ಅಳತೆ

ಕಾಲೇಜಿನ ಪ್ರಯೋಗಾಲಯದಿಂದ ಎರಡು ಗರಿಷ್ಠ-ಕನಿಷ್ಠ ತಾಪಮಾಪಕಗಳನ್ನು ತರಿಸಿ, ಎರಡನ್ನೂ ಒಂದು ರಾತ್ರಿ ಪಕ್ಕಪಕ್ಕದಲ್ಲಿ ತೂಗುಹಾಕಿ, ಎರಡರ ಲೆಕ್ಕವೂ ಒಂದೇ ಇದೆ ಎಂದು ಖಾತ್ರಿ ಮಾಡಿಕೊಂಡೆ. ಆಮೇಲೆ ಒಂದನ್ನು ಹಳ್ಳದ ದಂಡೆಯ ಗುಡಿಸಲುಗಳ ನಡುವೆಯೂ, ಇನ್ನೊಂದನ್ನು ಹೊಲದ ಮೇಲುತುದಿಯ ಕೆಂಪು ಮಡ್ಡಿಯಲ್ಲಿಯೂ ಎದೆಮಟ್ಟದ ಗೂಟಕ್ಕೆ ಕಟ್ಟಿದೆ. ತೆರೆದ ಆಕಾಶದ ಕೆಳಗೆ ಬರಿದೇ ನೇತುಹಾಕಿದ ತಾಪಮಾಪಕ ತನ್ನ ಬಿಸಿಯನ್ನು ತಾನೇ ಆಕಾಶಕ್ಕೆ ಬಿಟ್ಟು, ಗಾಳಿಗಿಂತ ತಂಪಾಗಿ, ತಪ್ಪು ಲೆಕ್ಕ ತೋರಿಸುತ್ತದೆ. ಅದಕ್ಕಾಗಿ ಎರಡರ ಮೇಲೂ ಬಿದಿರಿನ ಬುಟ್ಟಿಯೊಂದನ್ನು ಬೋರಲು ಕಟ್ಟಿದೆವು. ಹವಾಮಾನ ಇಲಾಖೆ ತಾಪಮಾಪಕ ಇಡುವ ಬಿಳಿ ಪೆಟ್ಟಿಗೆಗೆ ಬುಟ್ಟಿ ಸಮನಲ್ಲ. ಹಾಗಾಗಿ ನಮ್ಮ ಅಂಕಿಗಳನ್ನು ಬೀದರ್ ಕೇಂದ್ರದ ಅಂಕಿಗಳೊಂದಿಗೆ ಹೋಲಿಸಲು ಬರುವುದಿಲ್ಲ. ಮೇಲಿನದನ್ನು ಕೆಳಗಿನದರೊಂದಿಗೆ ಹೋಲಿಸಲು ಮಾತ್ರ ಬರುತ್ತದೆ, ನಮಗೆ ಬೇಕಾದದ್ದೂ ಅಷ್ಟೇ.

ಮೊದಲ ಮೂರು ರಾತ್ರಿ ಆಕಾಶ ಗಾಜಿನಂತೆ ನಿಚ್ಚಳವಾಗಿತ್ತು, ಗಾಳಿ ಎಲೆಯನ್ನೂ ಅಲುಗಿಸಲಿಲ್ಲ. ಮೂರೂ ರಾತ್ರಿ ಹಳ್ಳದ ದಂಡೆಯ ತಾಪಮಾಪಕ ಮಡ್ಡಿಯ ತಾಪಮಾಪಕಕ್ಕಿಂತ ಮೂರರಿಂದ ನಾಲ್ಕು ಡಿಗ್ರಿ ಕಡಿಮೆ ತೋರಿಸಿತು. ಎರಡರ ನಡುವಿನ ದಾರಿ ನಡೆದು ಐದು ನಿಮಿಷವೂ ಇಲ್ಲ. ನಸುಕಿನಲ್ಲಿ ಮಡ್ಡಿಯಿಂದ ಇಳಿದು ಬರುವಾಗ, ಬದುವಿನ ಮೇಲಿನ ಬೇವಿನಮರ ದಾಟಿದ ಕೂಡಲೇ ಮೊಣಕಾಲಿನ ಕೆಳಗೆ ನೀರಿಗೆ ಕಾಲಿಟ್ಟಂತೆ ಥಂಡಿ ತಾಗುತ್ತಿತ್ತು; ಇನ್ನೂ ಹತ್ತು ಹೆಜ್ಜೆ ಇಳಿದರೆ ಅದು ಎದೆಯವರೆಗೆ ಏರುತ್ತಿತ್ತು. ಗುಡಿಸಲುಗಳ ಒಲೆಯ ಹೊಗೆ ಮೇಲೇಳದೆ, ಆಳೆತ್ತರದಲ್ಲಿ ಅಡ್ಡಡ್ಡ ಹಾಸಿಕೊಂಡು ಹಳ್ಳದ ಗುಂಟ ಹರಿಯುತ್ತಿತ್ತು. ತಂಪು ಗಾಳಿ ಕೆಳಗೆ, ಬೆಚ್ಚನೆಯ ಗಾಳಿ ಮೇಲೆ ಎಂಬ ತಾಪ ವಿಪರ್ಯಯವನ್ನು ಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೆ. ಹೊಗೆ ಅದನ್ನು ಅಲ್ಲಿ ಗೆರೆ ಎಳೆದು ತೋರಿಸುತ್ತಿತ್ತು.

ಇದರ ಕಾರಣ ಸರಳ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಬಿಸಿಯನ್ನು ಕಣ್ಣಿಗೆ ಕಾಣದ ವಿಕಿರಣವಾಗಿ ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಅಥವಾ ಗಾಳಿಯಲ್ಲಿ ತೇವವಿದ್ದರೆ ಅದರಲ್ಲಿ ದೊಡ್ಡ ಪಾಲು ಮರಳಿ ಬರುತ್ತದೆ. ಡಿಸೆಂಬರಿನ ಈಶಾನ್ಯದ ಗಾಳಿ ನಮ್ಮಲ್ಲಿಗೆ ತಲುಪುವ ಹೊತ್ತಿಗೆ ಒಣಗಿರುತ್ತದೆ, ಆಕಾಶದಲ್ಲಿ ತಡೆಯುವುದು ಏನೂ ಉಳಿದಿರುವುದಿಲ್ಲ. ಹೀಗೆ ತಣಿದ ನೆಲ ತನಗೆ ತಾಗಿದ ಗಾಳಿಯನ್ನೂ ತಣಿಸುತ್ತದೆ. ತಣಿದ ಗಾಳಿ ಭಾರ. ಭಾರವಾದದ್ದು ಮಳೆನೀರಿನ ಹಾಗೆಯೇ ಇಳಿಜಾರು ಹಿಡಿದು ಹಳ್ಳಕ್ಕೆ ಇಳಿದು ಅಲ್ಲಿ ನಿಲ್ಲುತ್ತದೆ. ಮೇಲೆಲ್ಲ ಒಣಗಿ ಬಿರುಕು ಬಿಟ್ಟ ಎರೆ ಕೆಳಪದರದ ಬಿಸಿಯನ್ನು ಮೇಲಕ್ಕೆ ಬಿಟ್ಟುಕೊಡುವುದರಲ್ಲಿ ಬಲು ಜಿಪುಣ. ಬೀದರ್ ಪ್ರಸ್ಥಭೂಮಿ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದ್ದು, ಎರಡೂ ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿರುವುದರಿಂದ, ಕಲಬುರಗಿ ಮತ್ತು ಯಾದಗಿರಿಗಿಂತ ಇಲ್ಲಿನ ರಾತ್ರಿ ತಂಪಾಗಿರುವುದರಲ್ಲಿ ಆಶ್ಚರ್ಯವಿಲ್ಲ. ರಾಜ್ಯದ ಕನಿಷ್ಠ ತಾಪಮಾನದ ಸುದ್ದಿಯಲ್ಲಿ ಬೀದರಿನ ಹೆಸರು ಪದೇಪದೇ ಬರುವುದೂ ಇದರಿಂದಲೇ.

ನಾಲ್ಕನೆಯ ರಾತ್ರಿ ಬಂಗಾಳ ಕೊಲ್ಲಿಯ ಕಡೆಯಿಂದ ಎತ್ತರದ ತೆಳು ಮೋಡ ಬಂದು ಕವಿಯಿತು. ಮರುದಿನ ಬೆಳಿಗ್ಗೆ ಎರಡೂ ತಾಪಮಾಪಕಗಳು ಏರಿದ್ದವು; ಅದಕ್ಕಿಂತ ಮುಖ್ಯವಾಗಿ, ಮೇಲಿನ ಮತ್ತು ಕೆಳಗಿನ ಅಂಕಿಗಳ ನಡುವಿನ ಅಂತರ ಒಂದು ಡಿಗ್ರಿಗೂ ಕಡಿಮೆಗೆ ಇಳಿದಿತ್ತು. ಐದನೆಯ ರಾತ್ರಿ ಮೋಡ ಹರಿಯಿತು, ಥಂಡಿ ಮತ್ತೆ ತಗ್ಗಿಗೆ ಇಳಿಯಿತು. ಆ ಒಂದು ರಾತ್ರಿಯಲ್ಲಿ ಧ್ರುವದ ಹಿಮ ಹೆಪ್ಪುಗಟ್ಟಿ ಮತ್ತೆ ಕರಗಿರಲಿಲ್ಲ. ಮುಕಾದಮನಿಗೆ ನಾನು ಕೊಟ್ಟ ಮೊದಲ ಉತ್ತರ ಇದೇ. ಅವನ ಗುಡಿಸಲಿನ ಚಳಿಯಲ್ಲಿ ಮೂರು-ನಾಲ್ಕು ಡಿಗ್ರಿಯ ಪಾಲು ಆ ಹಳ್ಳದ ದಂಡೆಯದು.

ನಡುವೆ ಕಾಕಾ ಕಡಲೆಯ ಮಾತು ತೆಗೆದ. ಥಂಡಿಗೆ ಕಡಲೆಯ ಹೂವು ಉದುರುತ್ತಿದೆ ಎಂಬುದು ಅವನ ದೂರು. ಹಗಲು ರಾತ್ರಿಗಳ ಸರಾಸರಿ ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕಡಲೆ ಕಾಯಿ ಕಚ್ಚುವುದಿಲ್ಲ ಎಂಬುದು ತಿಳಿದ ವಿಷಯ. ಆದರೆ ನಮ್ಮಲ್ಲಿ ರಾತ್ರಿ ಎಷ್ಟೇ ಕೊರೆದರೂ ಹಗಲು ಬಿಸಿಲು ಏರುತ್ತದೆ, ಸರಾಸರಿ ಅಷ್ಟು ಕೆಳಗಿಳಿಯುವುದು ಅಪರೂಪ. ಕಡಲೆಗೆ ಬೇರೆ ಏನೋ ತಗುಲಿರಬೇಕು ಎಂದೆ, ಅವನು ಒಪ್ಪಲಿಲ್ಲ. ಕಬ್ಬಿನ ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಒಣ ಹವೆ ಮತ್ತು ತಂಪು ರಾತ್ರಿಗಳಲ್ಲಿ ಕಬ್ಬು ಮಾಗಿ ಸಕ್ಕರೆಯ ಇಳುವರಿ ಏರುತ್ತದೆ. ಕಡಿಯುವವರನ್ನು ನಡುಗಿಸುವ ಚಳಿಯೇ ಕಾರ್ಖಾನೆಗೆ ಲಾಭ.

ಧ್ರುವದಲ್ಲಿ ಆಗುತ್ತಿರುವುದು

ಕಾಕಾನ ಪ್ರಶ್ನೆಗೆ ಉತ್ತರಿಸುವ ಮೊದಲು ಒಂದು ಪದವನ್ನು ಬಿಡಿಸಿಕೊಳ್ಳಬೇಕಾಯಿತು. ಕನ್ನಡದಲ್ಲಿ ನಾವು 'ಮಂಜು' ಎನ್ನುವುದು ಬೆಳಗಿನ ಕಾವಳಕ್ಕೂ ಆಗುತ್ತದೆ, ಇಬ್ಬನಿಗೂ ಆಗುತ್ತದೆ, ಪರ್ವತದ ಹಿಮಕ್ಕೂ ಆಗುತ್ತದೆ. ಮುಕಾದಮ 'ಬರ್ಫ' ಎಂದದ್ದೇ ಇಲ್ಲಿ ಹೆಚ್ಚು ಸರಿ. ಉತ್ತರ ಧ್ರುವದ ಸುತ್ತ ಇರುವುದು ನೆಲವಲ್ಲ, ಕಡಲು; ಅಲ್ಲಿನ ಉಪ್ಪುನೀರು ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಹೆಪ್ಪುಗಟ್ಟಿ, ಕೆಲವು ಮೀಟರ್ ದಪ್ಪದ ಹಾಸಾಗಿ ತೇಲುತ್ತದೆ. ಇದೇ ಕಡಲ ಹಿಮ. ಗ್ರೀನ್‌ಲ್ಯಾಂಡಿನ ನೆಲದ ಮೇಲಿನ ಹಿಮದ ರಾಶಿ ಬೇರೆ. ಅದು ಕರಗಿದರೆ ಸಮುದ್ರದ ಮಟ್ಟ ಏರುತ್ತದೆ. ತೇಲುವ ಕಡಲ ಹಿಮ ಕರಗಿದರೆ ಮಟ್ಟದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗುವುದಿಲ್ಲ, ಆದರೆ ಹವೆಯ ಲೆಕ್ಕ ತಪ್ಪುತ್ತದೆ.

ಈ ಹಾಸು ಪ್ರತಿ ವರ್ಷ ಮಾರ್ಚ್ ಹೊತ್ತಿಗೆ ಹಿಗ್ಗಿ, ಸೆಪ್ಟೆಂಬರಿನಲ್ಲಿ ಕುಗ್ಗುತ್ತದೆ. ಉಪಗ್ರಹಗಳ ನಿರಂತರ ದಾಖಲೆ 1979ರಿಂದ ಇದೆ. 1980ರ ದಶಕದಲ್ಲಿ ಸೆಪ್ಟೆಂಬರಿನ ಹಿಮದ ಹರವು ಸುಮಾರು 70 ಲಕ್ಷ ಚದರ ಕಿಲೋಮೀಟರ್ ಇರುತ್ತಿತ್ತು. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು. ಸೆಪ್ಟೆಂಬರ್ ಹಿಮದ ಇಳಿಕೆ ದಶಕಕ್ಕೆ ಶೇಕಡಾ 12ರ ಆಸುಪಾಸು. 1979ರಿಂದೀಚೆಗೆ ಉತ್ತರ ಧ್ರುವ ಪ್ರದೇಶ ಜಗತ್ತಿನ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ ಎಂಬ ಲೆಕ್ಕ 2022ರಲ್ಲಿ ಪ್ರಕಟವಾಯಿತು.

ಹಿಮ ಕಡಿಮೆಯಾದರೆ ಚಳಿಗಾಲದಲ್ಲಿ ಏನಾಗುತ್ತದೆ ಎಂಬುದನ್ನು ಕಾಕಾನಿಗೆ ಕೌದಿಯ ಉದಾಹರಣೆಯಿಂದಲೇ ಹೇಳಿದೆ. ಬೇಸಿಗೆಯಲ್ಲಿ ಬಿಳಿ ಹಿಮ ಬಿಸಿಲಿನ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ. ಹಿಮ ಹೋದ ಕಪ್ಪು ನೀರು ಶೇಕಡಾ 6ರಷ್ಟನ್ನು ಮಾತ್ರ ಎಸೆದು ಮಿಕ್ಕದ್ದನ್ನು ನುಂಗುತ್ತದೆ. ಹೀಗೆ ನುಂಗಿದ ಬಿಸಿ ಚಳಿಗಾಲಕ್ಕೆ ಉಳಿಯುತ್ತದೆ. ಆಗ ಮೇಲಿನ ಗಾಳಿ ಮೈನಸ್ 20, ಮೈನಸ್ 30 ಡಿಗ್ರಿಯಲ್ಲಿರುವಾಗಲೂ ಕೆಳಗಿನ ನೀರು ಮೈನಸ್ 1.8ಕ್ಕಿಂತ ತಣಿಯಲಾರದು. ನಡುವೆ ಹಿಮದ ಕೌದಿ ಇದ್ದರೆ ನೀರಿನ ಬಿಸಿ ಒಳಗೇ ಉಳಿಯುತ್ತದೆ. ಕೌದಿ ಹರಿದ ಕಡೆ ಪ್ರತಿ ಚದರ ಮೀಟರಿನಿಂದ ನೂರಾರು ವಾಟ್ ಬಿಸಿ ಗಾಳಿಗೆ ಏರುತ್ತದೆ. ನಾರ್ವೆ ಮತ್ತು ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಹಾಗೂ ಕಾರಾ ಕಡಲುಗಳಲ್ಲಿ ಚಳಿಗಾಲದ ಈ ಕೌದಿ ಎದ್ದು ಕಾಣುವಂತೆ ಹರಿದಿದೆ.

ಇಲ್ಲಿಂದ ಮುಂದಿನದು ತರ್ಕದ ಸರಪಳಿ. ಧ್ರುವ ಬಿಸಿಯಾದರೆ ಧ್ರುವಕ್ಕೂ ಸಮಶೀತೋಷ್ಣ ಪ್ರದೇಶಕ್ಕೂ ನಡುವಿನ ತಾಪಮಾನದ ಅಂತರ ತಗ್ಗುತ್ತದೆ. ಆ ಅಂತರದಿಂದಲೇ ಬಲ ಪಡೆಯುವ ಎತ್ತರದ ಪಡುವಣ ಗಾಳಿ, ಅಂದರೆ ಜೆಟ್ ಪ್ರವಾಹ, ಸಡಿಲಾಗಿ ಹೆಚ್ಚು ಬಳುಕಬಹುದು. ಬಳುಕಿದ ಕಡೆ ಧ್ರುವದ ತಂಪು ದಕ್ಷಿಣಕ್ಕೆ ಇಳಿಯಬಹುದು. 2012ರಲ್ಲಿ ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್ ಮುಂದಿಟ್ಟ ಈ ವಿಚಾರ ಪತ್ರಿಕೆಗಳಿಗೆ ತುಂಬ ಹಿಡಿಸಿತು. ಇನ್ನೊಂದು ದಾರಿ ಇನ್ನೂ ಮೇಲಿನದು: ಕಾರಾ ಕಡಲಿನ ಮೇಲೆ ಮತ್ತು ರಷ್ಯಾದ ಯೂರಲ್ ಬೆಟ್ಟಗಳ ಬಳಿ ಎದ್ದ ಗಾಳಿಯ ಅಲೆಗಳು ಸಮೋಷ್ಣ ಮಂಡಲಕ್ಕೆ, ಅಂದರೆ ಮೋಡಗಳಿಗೂ ಮೇಲಿನ ವಾಯುಪದರಕ್ಕೆ, ಏರಿ, ಅಲ್ಲಿ ಧ್ರುವವನ್ನು ಸುತ್ತುವ ಗಾಳಿಯ ಸುಳಿಯನ್ನು ಕೆಡಿಸಬಹುದು, ಸುಳಿ ಒಡೆದ ಮೇಲೆ ಕೆಲವು ವಾರಗಳವರೆಗೆ ಯುರೋಪ್, ಸೈಬೀರಿಯಾ, ಅಮೆರಿಕಗಳಲ್ಲಿ ತೀವ್ರ ಚಳಿಯ ಸಂಭವ ಹೆಚ್ಚುತ್ತದೆ. 2021ರ ಜನವರಿ ಮೊದಲ ವಾರದಲ್ಲಿ ಸುಳಿ ಒಡೆದಿತ್ತು, ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ಹೆಪ್ಪುಗಟ್ಟಿತು. ಇವೆರಡರ ನಂಟಿನ ಬಗ್ಗೆಯೂ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ ಎಂಬುದು ಮಾತ್ರ ಇಂಥ ಸಂದೇಶಗಳಲ್ಲಿ ಇರುವುದಿಲ್ಲ.

ಹಾಗಾಗಿ ಬಿಸಿಯಾಗುವುದರಿಂದ ಕೆಲವೆಡೆ ಚಳಿ ಬರಬಹುದು ಎಂಬ ಮಾತಿನಲ್ಲಿ ವಿರೋಧವಿಲ್ಲ, ಕಾಕಾ ಎಂದೆ. ಜಗತ್ತಿನ ಒಟ್ಟು ಬಿಸಿ ಏರುತ್ತಲೇ ಇರುತ್ತದೆ, ತಂಪಿನ ಹಂಚಿಕೆ ಬದಲಾಗಬಹುದು. ಬಾಗಿಲು ಸರಿಯಾಗಿ ಮುಚ್ಚದ ಕೋಣೆಯ ತಂಪು ಪಡಸಾಲೆಗೆ ಬಂದರೆ ಮನೆಯೇನೂ ತಣ್ಣಗಾಗಲಿಲ್ಲ.

ವಾದದ ದುರ್ಬಲ ಕೊಂಡಿಗಳು

ಸರಪಳಿ ಚಂದವಾಗಿದೆ ಎಂದ ಮಾತ್ರಕ್ಕೆ ಅದು ಭಾರ ಹೊರುತ್ತದೆ ಎಂದಲ್ಲ. 2014ರಲ್ಲಿ ಮಸಾಟೊ ಮೋರಿ ಮತ್ತು ಸಂಗಡಿಗರು ಬ್ಯಾರೆಂಟ್ಸ್-ಕಾರಾ ಕಡಲಿನ ಹಿಮದ ಇಳಿಕೆಯಿಂದ ಮಧ್ಯ ಯುರೇಷಿಯಾದಲ್ಲಿ ಕಡುಚಳಿಗಾಲದ ಸಂಭವ ಎರಡು ಪಟ್ಟಿಗೂ ಹೆಚ್ಚಾಗಿದೆ ಎಂದರು. 2016ರಲ್ಲಿ ಕೆಲ್ಲಿ ಮೆಕ್‌ಕಸ್ಕರ್ ಮತ್ತು ಸಂಗಡಿಗರು ಅದೇ ಪ್ರದೇಶದ ಚಳಿಗಾಲಗಳನ್ನು ಕಂಪ್ಯೂಟರಿನ ಹವಾಮಾನ ಮಾದರಿಗಳಲ್ಲಿ ಪರೀಕ್ಷಿಸಿ, ಆ ತಂಪಿಗೆ ಹಿಮದ ಇಳಿಕೆ ಕಾರಣವಾಗಿರುವುದು ಸಂಶಯ, ವಾಯುಮಂಡಲದ ಸಹಜ ಏರಿಳಿತವೇ ಸಾಕು ಎಂದರು. 2020ರಲ್ಲಿ ರಸೆಲ್ ಬ್ಲ್ಯಾಕ್‌ಪೋರ್ಟ್ ಮತ್ತು ಜೇಮ್ಸ್ ಸ್ಕ್ರೀನ್ ಜೆಟ್ ಪ್ರವಾಹದ ಬಳುಕು ಹೆಚ್ಚಿದೆ ಎಂಬುದಕ್ಕೇ ಇತ್ತೀಚಿನ ವರ್ಷಗಳ ಅಂಕಿಗಳಲ್ಲಿ ಆಧಾರ ಉಳಿದಿಲ್ಲ ಎಂದು ತೋರಿಸಿದರು. 2022ರಲ್ಲಿ ಹದಿನಾರು ಹವಾಮಾನ ಮಾದರಿಗಳನ್ನು ಒಟ್ಟಿಗೆ ಓಡಿಸಿ ನೋಡಿದ ಅಧ್ಯಯನದ ಫಲಿತಾಂಶ ಈ ಎರಡು ಪಕ್ಷಗಳ ನಡುವಿನದು: ಹಿಮ ಕಡಿಮೆಯಾದರೆ ಪಡುವಣ ಗಾಳಿ ಸಡಿಲಾಗುತ್ತದೆ ಎಂಬುದು ಎಲ್ಲ ಮಾದರಿಗಳಲ್ಲೂ ಕಂಡಿತು, ಆದರೆ ಆ ಪರಿಣಾಮ ಸಣ್ಣದು. ವಿಶ್ವಸಂಸ್ಥೆಯ ಅಂತರಸರ್ಕಾರಿ ಹವಾಮಾನ ಸಮಿತಿ (ಐಪಿಸಿಸಿ) ತನ್ನ 2021ರ ವರದಿಯಲ್ಲಿ ಈ ನಂಟಿನ ಬಗ್ಗೆ ಕಡಿಮೆ ವಿಶ್ವಾಸ ವ್ಯಕ್ತಪಡಿಸಿದೆ. ಅದೇ ವರದಿ ತೀವ್ರ ಚಳಿಯ ದಿನಗಳು ಜಗತ್ತಿನ ಹೆಚ್ಚಿನ ಭಾಗಗಳಲ್ಲಿ ಕಡಿಮೆಯಾಗುತ್ತಿವೆ ಎಂಬುದನ್ನು ಹೆಚ್ಚುಕಡಿಮೆ ಖಚಿತವೆಂದು ಹೇಳಿದೆ.

ಇಷ್ಟು ಭಿನ್ನಾಭಿಪ್ರಾಯಕ್ಕೆ ಮುಖ್ಯ ಕಾರಣ, ಯಾವುದು ಕಾರಣ ಯಾವುದು ಪರಿಣಾಮ ಎಂದು ಬಿಡಿಸುವುದರ ಕಷ್ಟ. ಯೂರಲ್ ಬೆಟ್ಟಗಳ ಮೇಲೆ ಅಧಿಕ ಒತ್ತಡದ ವಲಯವೊಂದು ಬೀಡುಬಿಟ್ಟಾಗ, ಅದರ ಪಡುವಣ ಅಂಚಿನ ಗಾಳಿ ಬೆಚ್ಚನೆಯ ಹವೆಯನ್ನು ಬ್ಯಾರೆಂಟ್ಸ್ ಕಡಲಿಗೆ ಒಯ್ದು ಹಿಮ ಕರಗಿಸುತ್ತದೆ, ಮೂಡಣ ಅಂಚಿನ ಗಾಳಿ ಧ್ರುವದ ತಂಪನ್ನು ಸೈಬೀರಿಯಾಕ್ಕೆ ಇಳಿಸುತ್ತದೆ. ಹಿಮ ಕಡಿಮೆಯಾದದ್ದೂ ಚಳಿ ಹೆಚ್ಚಿದ್ದೂ ಒಟ್ಟಿಗೇ ಕಂಡರೆ ಒಂದು ಇನ್ನೊಂದನ್ನು ಹುಟ್ಟಿಸಿತು ಎನ್ನಲಾಗದು. ಎರಡನ್ನೂ ಹುಟ್ಟಿಸಿದ ಮೂರನೆಯದು ಇರಬಹುದು. ನಮ್ಮಲ್ಲಿ ಎಳ್ಳಮಾಸಿಗೆ ಥಂಡಿ ಇರುವುದು ಹಬ್ಬದಿಂದಲ್ಲ. ಹಾಗೆಯೇ ಉಷ್ಣವಲಯದ ಎತ್ತರದ ಗಾಳಿಯೂ ಬಿಸಿಯಾಗುತ್ತಿದ್ದು, ಅದು ಜೆಟ್ ಪ್ರವಾಹವನ್ನು ಬಿಗಿಗೊಳಿಸುವ ಕಡೆಗೆ ಜಗ್ಗುತ್ತಿದೆ ಎಂಬುದನ್ನು ಫ್ರಾನ್ಸಿಸ್ ಅವರ ವಾದ ಹೇಳುವವರು ಅನೇಕ ಸಲ ಬಿಡುತ್ತಾರೆ. ಹಿಮ ಧಾರಾಳವಾಗಿದ್ದ ಕಾಲದಲ್ಲೂ ಕಡುಚಳಿಗಾಲಗಳಿದ್ದವು: 1962-63ರ ಚಳಿಗಾಲ ಇಂಗ್ಲೆಂಡಿನಲ್ಲಿ 1740ರ ನಂತರದ ಅತ್ಯಂತ ತಂಪಿನದು.

ಇದಾದ ಮೇಲೂ ಸೈಬೀರಿಯಾದಿಂದ ಭಾಲ್ಕಿ ದೂರ. ಬ್ಯಾರೆಂಟ್ಸ್ ಕಡಲಿನಿಂದ ನಮ್ಮೂರಿಗೆ 6,000 ಕಿಲೋಮೀಟರಿಗೂ ಹೆಚ್ಚು. ನಡುವೆ ಹಿಮಾಲಯ ಮತ್ತು ಟಿಬೆಟ್ ನಿಂತಿವೆ. ಸೈಬೀರಿಯಾದ ತಂಪು ಗಾಳಿ ಭಯಂಕರ ಭಾರವಾದದ್ದು. 1968ರ ಡಿಸೆಂಬರ್ 31ರಂದು ಅಲ್ಲಿನ ಅಗಾಟಾದಲ್ಲಿ ಗಾಳಿಯ ಒತ್ತಡ 1083.8 ಹೆಕ್ಟೋಪಾಸ್ಕಲ್ ಮುಟ್ಟಿತ್ತು. ಆದರೆ ಅದು ಎತ್ತರದ ರಾಶಿಯಲ್ಲ, ನೆಲಕ್ಕಂಟಿ ಹರಡಿದ ರಾಶಿ. ಸರಾಸರಿ 4,500 ಮೀಟರ್ ಎತ್ತರದ ಟಿಬೆಟ್ಟನ್ನು ಅದು ಹತ್ತಿ ಇಳಿಯಲಾರದು. ಗೋಡೆಯಿಲ್ಲದ ಚೀನಾದ ಮೇಲೆ ಅದು ದಕ್ಷಿಣದ ಕಡಲಿನವರೆಗೆ ಧಾವಿಸುತ್ತದೆ, ನಮ್ಮ ಕಡೆ ಬಾಗಿಲು ಮುಚ್ಚಿದೆ. ಕಾರುಗಳು ಹೂತುಹೋಗುವ ಹಿಮಪಾತ ಬೀದರಿಗೆ ಬರುವುದಿಲ್ಲ ಎಂದು ಮುಕಾದಮನಿಗೆ ಇಷ್ಟನ್ನೇ ಆಧಾರ ಮಾಡಿಕೊಂಡು ಧೈರ್ಯ ಹೇಳಿದೆ.

ಹಾಗಾದರೆ ಉತ್ತರ ಭಾರತಕ್ಕೆ ಚಳಿ ಬರುವುದು ಹೇಗೆ? ಬಹುಪಾಲು ಪಡುವಣದಿಂದ. ಹಿಮಾಲಯದ ದಕ್ಷಿಣಕ್ಕೆ ಚಳಿಗಾಲದಲ್ಲಿ ಬೀಸುವ ಉಪೋಷ್ಣ ಜೆಟ್ ಪ್ರವಾಹದಲ್ಲಿ ಮೆಡಿಟರೇನಿಯನ್ ಕಡೆಯಿಂದ ಪಶ್ಚಿಮದ ಕ್ಷೋಭೆಗಳು, ಅಂದರೆ ಮಳೆ-ಹಿಮ ತರುವ ಹವೆಯ ಏರುಪೇರುಗಳು, ತೇಲಿಬರುತ್ತವೆ. ಅವು ಬೆಟ್ಟಗಳಲ್ಲಿ ಹಿಮ ಸುರಿದು ಮುಂದೆ ಸಾಗಿದ ಮೇಲೆ, ಹಿಂದಿನಿಂದ ವಾಯವ್ಯದ ಒಣ ತಂಪು ಗಾಳಿ ಬಯಲಿಗೆ ಇಳಿಯುತ್ತದೆ. ಅದರ ಒಂದು ಸೆರಗು ಮಧ್ಯ ಭಾರತ, ವಿದರ್ಭ, ಮರಾಠವಾಡಗಳನ್ನು ದಾಟಿ ಕೆಲವು ಸಲ ಬೀದರನ್ನು ಮುಟ್ಟುತ್ತದೆ. ಮುಟ್ಟಿದಾಗ ಅದು ತರುವುದು ತಂಪಿಗಿಂತ ಹೆಚ್ಚಾಗಿ ಶುಷ್ಕತೆಯನ್ನು. ಉಳಿದ ತಂಪನ್ನು ನಮ್ಮ ನೆಲ ರಾತ್ರಿಯಿಡೀ ತಾನೇ ತಯಾರಿಸುತ್ತದೆ. ಪೆಸಿಫಿಕ್ ಸಾಗರದ ನಡು-ಮೂಡಣ ಭಾಗದ ನೀರು ವಾಡಿಕೆಗಿಂತ ತಣ್ಣಗಾಗುವ ಲಾ ನಿನಾ ಇರುವ ಚಳಿಗಾಲಗಳು ದಖ್ಖನಿನಲ್ಲಿ ತುಸು ಹೆಚ್ಚು ತಂಪಾಗಿರುವುದುಂಟು. ಧ್ರುವದ ಕಡಲ ಹಿಮಕ್ಕೆ ಇದರಲ್ಲಿ ಪಾಲಿದ್ದರೆ ಅದು ಜೆಟ್ ಪ್ರವಾಹದ ಜಾಡನ್ನು, ಕ್ಷೋಭೆಗಳ ಎಣಿಕೆಯನ್ನು ಸ್ವಲ್ಪ ಆಚೀಚೆ ತಳ್ಳುವ ಪಾಲು. ಪ್ರತಿ ಬಾಗಿಲಲ್ಲೂ ಸೋರಿ ಸೋರಿ ಕೊನೆಗೆ ಉಳಿದದ್ದನ್ನು ಒಂದು ವಾರದ ಅಳತೆಯಲ್ಲಿ ಹಿಡಿಯಲು ಬರುವುದಿಲ್ಲ. ಎಷ್ಟೋ ಚಳಿಗಾಲಗಳ ಸರಾಸರಿಯಲ್ಲಿ ಅದನ್ನು ಹುಡುಕಬೇಕು.

ದಿನಾಂಕಗಳನ್ನು ಜೋಡಿಸಿ ನೋಡಿದಾಗ

ಮುಕಾದಮನ ಟೋಳಿಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗನೊಬ್ಬನಿದ್ದ. ಅವನು ಎತ್ತಿದ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಹಿಮ ಅತಿ ಕಡಿಮೆಯಿದ್ದ ವರ್ಷ ದಿಲ್ಲಿಯಲ್ಲಿ ಚಳಿ ಹೆಚ್ಚಿತ್ತೋ ಇಲ್ಲವೋ, ಅದನ್ನು ನೋಡಿದರೆ ತಿಳಿಯುವುದಿಲ್ಲವೇ?

ನೋಡಿದೆವು. 2012ರ ಸೆಪ್ಟೆಂಬರಿನಲ್ಲಿ ಹಿಮ ದಾಖಲೆಯ ಕನಿಷ್ಠಕ್ಕೆ ಇಳಿದಿತ್ತು. 2013ರ ಜನವರಿ 2ರಂದು ದಿಲ್ಲಿಯ ಗರಿಷ್ಠ ತಾಪಮಾನ 9.8 ಡಿಗ್ರಿಗೆ ನಿಂತು, 44 ವರ್ಷಗಳಲ್ಲೇ ತಂಪಾದ ಹಗಲು ಎನಿಸಿತು. ಹುಡುಗನ ಮುಖ ಅರಳಿತು. ಆದರೆ ಧ್ರುವದ ಸುಳಿ ಪೂರ್ತಿ ಒಡೆದದ್ದು ಆ ಜನವರಿಯ ಮೊದಲ ವಾರದ ಕೊನೆಯಲ್ಲಿ, ಅಂದರೆ ದಿಲ್ಲಿಯ ತಂಪು ಹಗಲಿನ ನಂತರ. ಸುಳಿ ಒಡೆದದ್ದರಿಂದ ದಿಲ್ಲಿ ನಡುಗಿತು ಎನ್ನುವುದಾದರೆ ಕೂಸಿಗಿಂತ ಮೊದಲು ಕುಲಾವಿ ಹೊಲಿದಂತಾಗುತ್ತದೆ. ಇನ್ನೊಂದು ಸಾಕ್ಷ್ಯ 2019ರದು. ಆ ಸೆಪ್ಟೆಂಬರಿನಲ್ಲೂ ಹಿಮ ಬಹಳ ಕಡಿಮೆಯಿತ್ತು, ಡಿಸೆಂಬರ್ 30ರಂದು ದಿಲ್ಲಿಯ ಗರಿಷ್ಠ 9.4 ಡಿಗ್ರಿ. ಆದರೆ ಅದೇ ಚಳಿಗಾಲದ ಉತ್ತರಾರ್ಧದಲ್ಲಿ, 2020ರ ಜನವರಿಯಿಂದ ಮಾರ್ಚ್‌ವರೆಗೆ, ಧ್ರುವದ ಸುಳಿ ಒಡೆಯುವುದಿರಲಿ, ದಾಖಲೆಯ ಬಲದಿಂದ ತಿರುಗುತ್ತಿತ್ತು. ಹಿಮ ಕಡಿಮೆಯಾದರೆ ಸುಳಿ ಸಡಿಲಾಗಲೇಬೇಕು ಎಂಬ ನಿಯಮ ಅಲ್ಲಿಗೆ ಬಿತ್ತು.

ಇನ್ನೊಂದು ವ್ಯತ್ಯಾಸವನ್ನೂ ಹುಡುಗನಿಗೆ ತೋರಿಸಿದೆ. ದಿಲ್ಲಿಯ ಆ ಎರಡೂ ದಾಖಲೆಗಳು ಹಗಲಿನ ತಂಪಿನವು: ಗಂಗಾ ಬಯಲಿನ ಮೇಲೆ ಕಾವಳ ಮತ್ತು ಕೆಳಮೋಡ ಮುಸುಕಿ ಬಿಸಿಲು ನೆಲಕ್ಕೆ ಬೀಳದೆ ಆದದ್ದು. ನಮ್ಮ ಹಳ್ಳದ ದಂಡೆಯದು ರಾತ್ರಿಯ ತಂಪು, ಮೋಡ ಇಲ್ಲದ್ದರಿಂದ ಆದದ್ದು. ಒಂದೇ ಹೆಸರಿನ ಚಳಿಗೆ ಎರಡು ವಿರುದ್ಧ ಕಾರಣಗಳಿರುವಾಗ, ಎರಡನ್ನೂ ಧ್ರುವದ ಒಂದೇ ಗೂಟಕ್ಕೆ ಕಟ್ಟುವುದು ಸರಿಯಲ್ಲ. ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಶೀತ ಅಲೆ ಎಂದು ಘೋಷಿಸಲು ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಿದ್ದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿರಬೇಕೆಂದು ಕೇಳುತ್ತದೆ. ಆ ಲೆಕ್ಕವೂ ಕೇಂದ್ರದ ಪೆಟ್ಟಿಗೆಯಲ್ಲಿ ನಡೆಯುತ್ತದೆ, ಹಳ್ಳದ ದಂಡೆಯಲ್ಲಿ ಅಲ್ಲ. ಮಡ್ಡಿಗಿಂತ ಮೂರು-ನಾಲ್ಕು ಡಿಗ್ರಿ ಹೆಚ್ಚಿನ ತಂಪಿನಲ್ಲಿ ಮಲಗುವವರು ಇಲಾಖೆಯ ಘೋಷಣೆಗೆ ಎಷ್ಟೋ ದಿನ ಮೊದಲೇ ಶೀತ ಅಲೆಯಲ್ಲಿರುತ್ತಾರೆ. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಕಳವಳದ ಅಂಶ ಇದು.

ಧ್ರುವದ ಸುದ್ದಿ ನಮಗೆ ಸಂಬಂಧವಿಲ್ಲದ್ದು ಎಂಬುದು ಇದರ ಅರ್ಥವಲ್ಲ. ಉತ್ತರ ಧ್ರುವದ ಬಳಿ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ನೈ-ಆಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. ಹತ್ತಿರದ ಕಾಂಗ್ಸ್‌ಫ್ಯೋರ್ಡಿನ ನೀರಿನಲ್ಲಿ 2014ರಲ್ಲಿ ಇಂಡ್‌ಆರ್ಕ್ ಎಂಬ ಉಪಕರಣದ ಸರಮಾಲೆಯನ್ನು ಇಳಿಸಲಾಯಿತು. 2023ರ ಡಿಸೆಂಬರಿನಲ್ಲಿ ಮೊದಲ ಚಳಿಗಾಲದ ತಂಡ ಅಲ್ಲಿಗೆ ಹೋಯಿತು. ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದನ್ನೆಲ್ಲ ನಡೆಸುತ್ತದೆ. ಅಲ್ಲಿನ ವಿಜ್ಞಾನಿಗಳು ಕಾರಾ ಕಡಲಿನ ಬೇಸಿಗೆಯ ಹಿಮಕ್ಕೂ ನಮ್ಮ ಮುಂಗಾರಿನ ಕೊನೆಯ ಭಾಗದ ಅತಿವೃಷ್ಟಿಗೂ ಇರಬಹುದಾದ ನಂಟಿನ ಬಗ್ಗೆ 2021ರಲ್ಲಿ ಬರೆದಿದ್ದಾರೆ. ಬೀದರಿನ ಉದ್ದು, ಹೆಸರು, ಸೋಯಾಬೀನ್ ಬೆಳೆಗಾರರಿಗೆ ಡಿಸೆಂಬರಿನ ಚಳಿಗಿಂತ ಆ ನಂಟಿನಲ್ಲೇ ಹೆಚ್ಚಿನ ಆಸಕ್ತಿ ಇರಬೇಕಾದದ್ದು, ಏಕೆಂದರೆ ರಾಶಿಗೆ ಬಂದ ಬೆಳೆ ನೆನೆಯುವುದು ಆಗಲೇ.

ಆಮೇಲೆ ನಡೆದದ್ದು

ಎಳ್ಳಮಾಸಿಯ ದಿನ ಮಡ್ಡಿಯ ಬೇವಿನ ಕೆಳಗೆ ಎಲ್ಲರೂ ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿ ಉಣ್ಣುತ್ತಿದ್ದಾಗ ಕಾಕಾ ಮುಕಾದಮನಿಗೆ, "ಇಲ್ಲೇ ಮ್ಯಾಲ ಬರ್ರಿ, ಈ ಜಾಗ ಖಾಲಿನೇ ಅದ" ಎಂದ. ಟ್ರ್ಯಾಕ್ಟರಿನಲ್ಲಿ ದಿನಕ್ಕೊಂದು ಸಲ ಟಾಕಿ ನೀರು ಕೊಡುವ ಮಾತೂ ಆಯಿತು. ಒಂದು ವಾರದೊಳಗೆ ಹತ್ತು ಸಂಸಾರಗಳು ಗುಡಿಸಲು ಕಿತ್ತು ಮೇಲೆ ಹಾಕಿದವು. ನೆಲಕ್ಕೆ ಗೇಣುದ್ದ ರವದಿ, ಅಂದರೆ ಕಬ್ಬಿನ ಒಣ ಎಲೆ, ಹಾಸಿ ಅದರ ಮೇಲೆ ಕೌದಿ ಹಾಕಿದವು. ಗುಡಿಸಲಿನೊಳಗೆ ರವದಿ ಸುಡುವುದನ್ನು ನಿಲ್ಲಿಸುವಂತೆ ಹೇಳಿದೆ, ಮಕ್ಕಳ ಕೆಮ್ಮಿನಲ್ಲಿ ಆ ಹೊಗೆಯ ಪಾಲೂ ಇತ್ತು. ದಕ್ಷಿಣದ ಕಾರ್ಖಾನೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಎರಡು ಸಂಸಾರಗಳು ಕೆಳಗೇ ಉಳಿದವು. ಅವರ ಎತ್ತುಗಳಿಗೆ ಹಳ್ಳದ ನೀರು ಬೇಕಿತ್ತು, ಟಾಕಿಯ ನೀರಿನ ಭರವಸೆ ಅವರಿಗಿರಲಿಲ್ಲ. ಅವರಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ನಾನು ತಾಪಮಾಪಕ ಬಿಚ್ಚಿಕೊಳ್ಳಲು ಹೋದಾಗ, "ಅದನ್ನ ಇರ್ಲಿ ಬಿಡು ಮಾಸ್ತರ, ಬುಟ್ಟಿ ಸುದ್ದಾ ಇರ್ಲಿ" ಎಂದಳು. ಬಿಟ್ಟು ಬಂದೆ. ಜನವರಿಯ ಕೊನೆಗೆ ಟೋಳಿ ಹೊರಟಾಗ ಆ ಹುಡುಗ ನೋಟ್‌ಬುಕ್ಕಿನ ಎರಡು ಪುಟ ಹರಿದು ಕಾಕಾನ ಕೈಗೆ ಕೊಟ್ಟು ಹೋಗಿದ್ದ: ಪ್ರತಿ ಬೆಳಗಿನ ಎರಡು ಅಂಕಿಗಳು, ಮೇಲಿನದು ಮತ್ತು ಕೆಳಗಿನದು, ಪಕ್ಕದಲ್ಲಿ 'ಮೋಡ ಇತ್ತು', 'ಮೋಡ ಇರಲಿಲ್ಲ' ಎಂಬ ಷರಾ. ಮೋಡ ಇದ್ದ ಎಲ್ಲ ದಿನಗಳಲ್ಲೂ ಎರಡು ಅಂಕಿಗಳು ಹತ್ತಿರ ಹತ್ತಿರ ಇದ್ದವು. ಒಂದು ದಿನ ಮಾತ್ರ ಮೋಡವಿಲ್ಲದೆಯೂ ಹತ್ತಿರವಿದ್ದು, ಅದರ ಪಕ್ಕದಲ್ಲಿ 'ರಾತ್ರಿಯೆಲ್ಲ ಗಾಳಿ' ಎಂದು ಬರೆದಿದ್ದ.